ಕೈ ಮೂಳೆಯಿಂದ ಮಂಗಟ್ಟೆ ಕೊಕ್ಕಿನವರೆಗೆ: ರಾಂಟ್‌ಜೆನ್ ಬದುಕು

2018ರಲ್ಲಿ ಸಿಂಗಪುರದ ಜುರಾಂಗ್ ಬರ್ಡ್ ಪಾರ್ಕ್‌ನಲ್ಲಿ ಜ್ಯಾರಿ ಅನ್ನೋ 22 ವರ್ಷದ ಗಂಡು ಮಂಗಟ್ಟೆಯ ಕೊಕ್ಕಿನ ಮೇಲೆ ಒಂದು ಸೀಳುಗಾಯ ಕಾಣಿಸ್ತು. ಮಂಗಟ್ಟೆ ಅಂದ್ರೆ ಹಾರ್ನ್‌ಬಿಲ್. ದಾಂಡೇಲಿ ಕಡೆ ಟ್ರಿಪ್ ಹೋದವರು ಇದೇ ಜಾತಿಯ ಹಕ್ಕಿಯನ್ನ ನೋಡಿರ್ತೀರಿ. ಬಾಗಿದ ದೊಡ್ಡ ಕೊಕ್ಕು, ಅದರ ಮೇಲೆ ಬೋರಲು ಹಾಕಿದ ದೋಣಿಯಂಥ ಹಳದಿ ಟೊಪ್ಪಿ. ಜ್ಯಾರಿಯ ಗಾಯ ಆ ಟೊಪ್ಪಿಯಲ್ಲಿತ್ತು. ಪರೀಕ್ಷೆ ಮಾಡಿದಾಗ ಕ್ಯಾನ್ಸರ್ ಅಂತ ಗೊತ್ತಾಯ್ತು. ಟೊಪ್ಪಿಯನ್ನ ಕತ್ತರಿಸಿ ತೆಗೀಬೇಕು, ಸರಿ. ಆದ್ರೆ ಎಲ್ಲಿಂದ ಎಲ್ಲಿವರೆಗೆ? ಹೊರಗಿಂದ ಎಷ್ಟು ದಿಟ್ಟಿಸಿದ್ರೂ ಕೊಕ್ಕು ಒಳಗಿನದನ್ನ ಹೇಳಲ್ಲ. ಹಕ್ಕಿಯನ್ನ ಸಿ.ಟಿ. ಸ್ಕ್ಯಾನರ್‌ನಲ್ಲಿ ಮಲಗಿಸಿದರು.

ಆ ಯಂತ್ರದ ಮೂಲ ಹುಡುಕ್ತಾ ಹೋದ್ರೆ ನಾವು ತಲುಪೋದು ಒಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಹತ್ತಿರ. ಹೌದು, ಮೆಕ್ಯಾನಿಕಲ್. ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಪಿಯುಸಿ ಫಿಸಿಕ್ಸ್ ಪುಸ್ತಕದ ಗಡ್ಡದ ಫೋಟೋ, ಹೆಂಡತಿಯ ಕೈ ಮೂಳೆ, ಉಂಗುರ. ಆತ ಓದಿದ್ದು ಭೌತಶಾಸ್ತ್ರ ಅಲ್ಲ, ಯಂತ್ರ ವಿದ್ಯೆ ಅನ್ನೋದು ಈ ಲೇಖನಕ್ಕೆ ಓದೋಕೆ ಕೂತಾಗಲೇ ನಮಗೂ ಗೊತ್ತಾಗಿದ್ದು. ನಮ್ಮ ಮೆಕ್ ಬ್ರಾಂಚಿನ ಗೆಳೆಯರು ಇನ್ಮೇಲೆ ಇದನ್ನ ಎಲ್ಲರ ಹತ್ರ ಹೇಳ್ಕೊಂಡು ಓಡಾಡಬಹುದು.

ರಾಂಟ್‌ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಇಂದಿನ ಜರ್ಮನಿಯ ಲೆನ್ನೆಪ್ ಎಂಬ ಊರಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ, ಅಮ್ಮನ ಕಡೆಯವರು ಹಾಲೆಂಡಿನವರು, ಒಬ್ಬನೇ ಮಗ. ಹುಡುಗನಿಗೆ ಮೂರು ವರ್ಷವಾದಾಗ ಮನೆಯವರು ಹಾಲೆಂಡಿನ ಅಪೆಲ್ಡೋರ್ನ್‌ಗೆ ಬಂದು ನೆಲೆಸಿದರು. ಓದಿನಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಕಾಡು ಬಯಲು ಸುತ್ತೋದು, ಕೈಯಲ್ಲಿ ಏನಾದ್ರೂ ಯಂತ್ರ ಮಾಡೋದು ಇಷ್ಟ. 1862ರಲ್ಲಿ ಉಟ್ರೆಕ್ಟ್‌ನ ಟೆಕ್ನಿಕಲ್ ಸ್ಕೂಲಿಗೆ ಸೇರಿಸಿದರು.

ಅಲ್ಲೇ ಎಡವಟ್ಟಾಯ್ತು. ಕ್ಲಾಸಿನಲ್ಲಿ ಯಾರೋ ಒಬ್ಬ ಮೇಷ್ಟ್ರ ವ್ಯಂಗ್ಯಚಿತ್ರ ಬರೆದಿದ್ದ. ಸಿಕ್ಕಿಬಿದ್ದವನು ರಾಂಟ್‌ಜೆನ್. ಬರೆದವನು ತಾನಲ್ಲ, ಆದ್ರೆ ಬರೆದವನ ಹೆಸರು ಹೇಳಲ್ಲ ಅಂತ ಹಟ ಹಿಡಿದ. ಶಾಲೆಯಿಂದ ಹೊರಗೆ ಹಾಕಿದರು. ಗೆಳೆಯನನ್ನ ಬಿಟ್ಟುಕೊಡದ ಈ ಹಟ ನಮಗೆ ಕೇಳೋಕೆ ಚೆನ್ನಾಗಿದೆ. ಅದಕ್ಕೆ ಆತ ಕೊಟ್ಟ ಬೆಲೆ ಮಾತ್ರ ಸಣ್ಣದಲ್ಲ. ವಿಶ್ವವಿದ್ಯಾಲಯ ಸೇರೋಕೆ ಬೇಕಾದ ಶಾಲಾ ಸರ್ಟಿಫಿಕೇಟ್ ಕೊನೆಗೂ ಸಿಗಲೇ ಇಲ್ಲ. ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ದಿನ ಹೊರಗಿನವನಾಗಿ ಪಾಠ ಕೇಳಿದ. ಹಾಗೆ ಪಾಠ ಕೇಳಿದ್ರೆ ಡಿಗ್ರಿ ಸಿಗಲ್ಲವಲ್ಲ.

ಆಗ ಕಿವಿಗೆ ಬಿದ್ದದ್ದು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಪಾಲಿಟೆಕ್ನಿಕ್, ಇವತ್ತಿನ ಇ.ಟಿ.ಎಚ್. ಅಲ್ಲಿ ಆ ಸರ್ಟಿಫಿಕೇಟ್ ಇಲ್ಲದಿದ್ರೂ ಸೀಟು ಸಿಗ್ತಿತ್ತು. 1865ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ಗೆ ಸೇರಿ 1868ರಲ್ಲಿ ಡಿಪ್ಲೊಮಾ ಪಡೆದ. ಮುಂದಿನ ವರ್ಷವೇ ಜ್ಯೂರಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್, ವಿಷಯ ಅನಿಲಗಳು. ಈ ನಡುವೆ ಆಗಸ್ಟ್ ಕುಂಟ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದು, ಅವರ ಸಹಾಯಕನಾಗಿ ಅವರ ಹಿಂದೆಯೇ 1870ರಲ್ಲಿ ವುರ್ಜ್‌ಬರ್ಗ್‌ಗೆ ಹೋದ. ಸರ್ಟಿಫಿಕೇಟ್ ಇಲ್ಲ ಅನ್ನೋ ಭೂತ ಅಲ್ಲೂ ಬೆನ್ನು ಬಿಡಲಿಲ್ಲ. ಡಾಕ್ಟರೇಟ್ ಇದ್ದರೂ ಶಾಲೆಯ ಚೀಟಿ ಇಲ್ಲದ ಕಾರಣ ವುರ್ಜ್‌ಬರ್ಗ್ ವಿಶ್ವವಿದ್ಯಾಲಯ ಪಾಠ ಮಾಡೋ ಅರ್ಹತೆ ಕೊಡಲಿಲ್ಲ. ಅದು ಸಿಕ್ಕಿದ್ದು 1874ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ.

ಜ್ಯೂರಿಕ್‌ನಲ್ಲಿ ವಿದ್ಯಾರ್ಥಿಗಳು ಸೇರ್ತಿದ್ದ ಒಂದು ಕೆಫೆಯ ಮಾಲೀಕರ ಮಗಳು ಅನ್ನಾ ಬರ್ಥಾ ಲುಡ್ವಿಗ್. ರಾಂಟ್‌ಜೆನ್‌ಗಿಂತ ಆರು ವರ್ಷ ದೊಡ್ಡವರು. 1872ರಲ್ಲಿ ಮದುವೆಯಾಯ್ತು. ಮಕ್ಕಳಾಗಲಿಲ್ಲ, 1887ರಲ್ಲಿ ಬರ್ಥಾ ಅವರ ಸಹೋದರನ ಆರು ವರ್ಷದ ಮಗಳನ್ನ ಮನೆಗೆ ತಂದು ಸಾಕಿಕೊಂಡರು. ಹೊಹೆನ್‌ಹೈಮ್, ಮತ್ತೆ ಸ್ಟ್ರಾಸ್‌ಬರ್ಗ್, 1879ರಲ್ಲಿ ಗೀಸೆನ್, ಹೀಗೆ ಊರೂರು ಸುತ್ತಿ 1888ರಲ್ಲಿ ರಾಂಟ್‌ಜೆನ್ ವುರ್ಜ್‌ಬರ್ಗ್‌ಗೇ ಭೌತಶಾಸ್ತ್ರದ ಮುಖ್ಯಸ್ಥರಾಗಿ ಬಂದರು. ಒಂದು ಕಾಲಕ್ಕೆ ಪಾಠ ಮಾಡೋಕೆ ಬಿಡದ ವಿಶ್ವವಿದ್ಯಾಲಯ 1894ರಲ್ಲಿ ಅವರನ್ನೇ ರೆಕ್ಟರ್ ಮಾಡ್ತು. ಅಷ್ಟರಲ್ಲಿ ಅವರ ಹೆಸರಲ್ಲಿ ನಲವತ್ತಕ್ಕೂ ಹೆಚ್ಚು ಪ್ರಬಂಧಗಳಿದ್ದವು. ಅನಿಲಗಳ ಉಷ್ಣ, ಹರಳುಗಳು, ವಿದ್ಯುತ್ ಕ್ಷೇತ್ರದಲ್ಲಿ ಚಲಿಸೋ ಅವಾಹಕಗಳು, ಎಲ್ಲವೂ ಎಚ್ಚರದಿಂದ ಅಳೆದು ತೂಗಿ ಮಾಡಿದ ಕೆಲಸ. ಉಪಕರಣಗಳನ್ನ ಸಾಧ್ಯವಾದಷ್ಟು ತಾವೇ ಮಾಡಿಕೊಳ್ಳೋ ಅಭ್ಯಾಸ. ಯಂತ್ರ ವಿದ್ಯೆ ಕಲಿತ ಕೈ ಸುಮ್ಮನೆ ಕೂರೋದಿಲ್ಲ ಅನ್ನಿಸುತ್ತೆ ನಮಗೆ.

ಇನ್ನು ಎಲ್ಲರಿಗೂ ಗೊತ್ತಿರೋ ಆ ರಾತ್ರಿ. 1895ರ ನವೆಂಬರ್ 8, ಶುಕ್ರವಾರ. ಆ ಕಾಲಕ್ಕೆ ಯುರೋಪಿನ ಎಷ್ಟೋ ಲ್ಯಾಬ್‌ಗಳಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಗೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಕ್ಯಾಥೋಡ್ ಕಿರಣಗಳನ್ನ ನೋಡೋದು ನಡೀತಿತ್ತು. ರಾಂಟ್‌ಜೆನ್ ಕೂಡ ಅದನ್ನೇ ಮಾಡ್ತಿದ್ದರು. ಕೊಳವೆಯಿಂದ ಬೆಳಕು ಸೋರದ ಹಾಗೆ ಕಪ್ಪು ರಟ್ಟು ಸುತ್ತಿ, ಕೋಣೆ ಕತ್ತಲು ಮಾಡಿ ಕರೆಂಟ್ ಹಾಯಿಸಿದಾಗ, ದೂರದಲ್ಲಿದ್ದ ಬೇರಿಯಂ ಪ್ಲಾಟಿನೋಸಯನೈಡ್ ಹಚ್ಚಿದ ಪರದೆ ಮಿನುಗ್ತು. ಕ್ಯಾಥೋಡ್ ಕಿರಣ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್ ಹೋಗಬಲ್ಲದು. ಪರದೆಯನ್ನ ಎರಡು ಮೀಟರ್ ದೂರ ಇಟ್ಟರೂ ಮಿನುಗು ಇತ್ತು. ಹಾಗಾದ್ರೆ ಇದು ಬೇರೇನೋ.

ಆ ಕೊಳವೆಗಳ ಹತ್ತಿರ ಇಟ್ಟ ಫೋಟೋ ಪ್ಲೇಟುಗಳು ಕಾರಣವಿಲ್ಲದೆ ಮಸುಕಾಗೋದನ್ನ ಬೇರೆಯವರೂ ಕಂಡಿದ್ದರು. ಪ್ಲೇಟ್ ಸರಿಯಿಲ್ಲ ಅಂದುಕೊಂಡು ಬಿಟ್ಟರು. ರಾಂಟ್‌ಜೆನ್ ಬಿಡಲಿಲ್ಲ. ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು, ಆದರೂ ಏಳು ವಾರ ಅವರು ಇದ್ದದ್ದು ಹೆಚ್ಚುಕಡಿಮೆ ಲ್ಯಾಬಿನಲ್ಲೇ. ಸಹಾಯಕರಿಗೂ ಏನೂ ಹೇಳಲಿಲ್ಲ. ಕೊಳವೆ ಮತ್ತು ಪರದೆಯ ನಡುವೆ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ನೋಡಿದರು. ಸಾವಿರ ಪುಟದ ಪುಸ್ತಕ: ಹಾದುಹೋಗುತ್ತೆ. ಎರಡು ಕಟ್ಟು ಇಸ್ಪೀಟ್ ಎಲೆ: ಹಾದುಹೋಗುತ್ತೆ. ಎರಡು ಮೂರು ಸೆಂಟಿಮೀಟರ್ ದಪ್ಪದ ಮರದ ಹಲಗೆ: ಸ್ವಲ್ಪ ಮಾತ್ರ ತಡೆಯುತ್ತೆ. ಹದಿನೈದು ಮಿಲಿಮೀಟರ್ ಅಲ್ಯೂಮಿನಿಯಂ: ಮಂಕಾಗುತ್ತೆ, ಆದ್ರೆ ಪೂರ್ತಿ ನಿಲ್ಲಲ್ಲ. ಸೀಸ ಒಂದೂವರೆ ಮಿಲಿಮೀಟರ್ ಇದ್ದರೆ ಸಾಕು, ಬಾಗಿಲು ಹಾಕಿದ ಹಾಗೆ.

ನಮ್ಮ ಕಣ್ಣಲ್ಲಿ ಈ ಪಟ್ಟಿಯೇ ಆ ಏಳು ವಾರಗಳ ದೊಡ್ಡ ಫಸಲು, ಕೈ ಮೂಳೆಯ ಫೋಟೋಗಿಂತಲೂ. ಯಾಕಂದ್ರೆ ಅದರಿಂದ ಅವರು ತೆಗೆದ ತೀರ್ಮಾನ ಹೀಗಿತ್ತು: ಒಂದು ವಸ್ತು ಈ ಕಿರಣವನ್ನ ಎಷ್ಟು ತಡೆಯುತ್ತೆ ಅನ್ನೋದನ್ನ ಮುಖ್ಯವಾಗಿ ನಿರ್ಧರಿಸೋದು ಅದರ ಸಾಂದ್ರತೆ ಮತ್ತು ದಪ್ಪ, ಸಾಂದ್ರತೆಯೊಂದೇ ಎಲ್ಲವನ್ನೂ ಹೇಳೋದಿಲ್ಲ ಅನ್ನೋದನ್ನೂ ಸೇರಿಸಿದ್ದರು. ಬಣ್ಣ ಲೆಕ್ಕಕ್ಕಿಲ್ಲ, ಹೊಳಪು ಲೆಕ್ಕಕ್ಕಿಲ್ಲ, ಹೊರಗಿನ ಆಕಾರ ನೋಡಿ ಮೋಸ ಹೋಗೋ ಮಾತೇ ಇಲ್ಲ. ಹೊರಗೆ ಭಾರವಾಗಿ ಕಾಣೋ ವಸ್ತು ಒಳಗೆ ಟೊಳ್ಳಾಗಿದ್ರೆ ನೆರಳು ಅದನ್ನ ಹೇಳಿಬಿಡುತ್ತೆ. ಮುಂದೆ ಕೊಕ್ಕಿನ ವಿಷಯಕ್ಕೆ ಬಂದಾಗ ಇದು ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಡಿಸೆಂಬರ್ 22ರಂದು ಬರ್ಥಾ ಅವರನ್ನ ಲ್ಯಾಬಿಗೆ ಕರೆದು, ಕೈಯನ್ನ ಫೋಟೋ ಪ್ಲೇಟಿನ ಮೇಲೆ ಇಡಿಸಿ ಸುಮಾರು ಹದಿನೈದು ನಿಮಿಷ ಕಿರಣ ಹಾಯಿಸಿದರು. ತಮ್ಮದೇ ಮೂಳೆ ಕಂಡು ಬರ್ಥಾ ಹೆದರಿದರು, ಸಾವನ್ನೇ ಕಂಡಂತಾಯ್ತು ಅಂದುಕೊಂಡರು ಅನ್ನೋ ಮಾತಿದೆ. ಹೆದರದೆ ಇರ್ತಾರಾ? ಅಲ್ಲಿವರೆಗೆ ಬದುಕಿರೋ ಮನುಷ್ಯರ ಅಸ್ಥಿಪಂಜರವನ್ನ ಯಾರೂ ನೋಡಿರಲಿಲ್ಲ. ಡಿಸೆಂಬರ್ 28ರಂದು ಪ್ರಬಂಧ ವುರ್ಜ್‌ಬರ್ಗ್‌ನ ಭೌತ-ವೈದ್ಯಕೀಯ ಸಂಘಕ್ಕೆ ಹೋಯ್ತು. ಹೊಸ ವರ್ಷದ ದಿನ ಅದರ ಪ್ರತಿಗಳನ್ನೂ ಕೆಲವು ಫೋಟೋಗಳನ್ನೂ ಪರಿಚಯದ ವಿಜ್ಞಾನಿಗಳಿಗೆ ಅಂಚೆಗೆ ಹಾಕಿದರು. ಅದರಲ್ಲೊಂದು ವಿಯೆನ್ನಾ ತಲುಪಿ, ಜನವರಿ 5ರ ಪತ್ರಿಕೆಯಲ್ಲಿ ಸುದ್ದಿಯಾಯ್ತು. 13ಕ್ಕೆ ಬರ್ಲಿನ್‌ನಲ್ಲಿ ಕೈಸರ್ ಮುಂದೆ ಪ್ರದರ್ಶನ. 23ಕ್ಕೆ ವುರ್ಜ್‌ಬರ್ಗ್‌ನಲ್ಲಿ ಉಪನ್ಯಾಸ. ಅಲ್ಲಿ ಹಿರಿಯ ಅಂಗರಚನಾ ಶಾಸ್ತ್ರಜ್ಞ ಕೋಲಿಕರ್ ತಮ್ಮ ಕೈಯ ಚಿತ್ರ ತೆಗೆಸಿಕೊಂಡು, ಈ ಕಿರಣಕ್ಕೆ ರಾಂಟ್‌ಜೆನ್ ಹೆಸರನ್ನೇ ಇಡೋಣ ಅಂತ ಸೂಚಿಸಿದರು. ರಾಂಟ್‌ಜೆನ್ ಮಾತ್ರ ಎಕ್ಸ್ ಅಂತಲೇ ಕರೀತಿದ್ದರು. ಗೊತ್ತಿಲ್ಲದ್ದಕ್ಕೆ ಎಕ್ಸ್, ನಾವು ಆಲ್ಜಿಬ್ರಾದಲ್ಲಿ ಹಾಕೋ ಹಾಗೆ.

1896 ಒಂದೇ ವರ್ಷದಲ್ಲಿ ಈ ಬಗ್ಗೆ ಸಾವಿರಕ್ಕೂ ಹೆಚ್ಚು ಲೇಖನಗಳು ಬಂದವು. ಡಾಕ್ಟರುಗಳು ಗುಂಡು, ಸೂಜಿ, ಮುರಿದ ಮೂಳೆ ಹುಡುಕೋಕೆ ಶುರು ಮಾಡಿದರು. ಪ್ರಾಣಿಗಳ ಸರದಿಯೂ ಅದೇ ವರ್ಷ ಬಂತು. ವಿಯೆನ್ನಾದ ಎಡರ್ ಮತ್ತು ವಲೆಂಟಾ ಎಂಬಿಬ್ಬರು ಮೀನು, ಕಪ್ಪೆ, ಗೋಸುಂಬೆಗಳ ಎಕ್ಸ್-ರೇ ಚಿತ್ರಗಳ ಒಂದು ಸಂಪುಟವನ್ನೇ ತಂದರು. ಇವತ್ತು ನೋಡಿದ್ರೂ ಬೆರಗಾಗೋವಷ್ಟು ಸೂಕ್ಷ್ಮ ಚಿತ್ರಗಳವು. ಇತ್ತ ರಾಂಟ್‌ಜೆನ್ ತಮ್ಮ ಬೇಟೆ ಬಂದೂಕಿನ ಚಿತ್ರ ತೆಗೆದರು. ಬೇಟೆ ಅವರ ಹಳೇ ಹುಚ್ಚು. ನಳಿಗೆಯೊಳಗಿನ ಗುಂಡುಗಳ ಜೊತೆಗೆ ಲೋಹದಲ್ಲಿದ್ದ ದೋಷಗಳೂ ಕಂಡವು. ಇಂದಿಗೂ ವೆಲ್ಡಿಂಗ್‌ನಲ್ಲಿ ಬಿರುಕಿದೆಯಾ ಅಂತ ರೇಡಿಯಾಗ್ರಫಿ ಮಾಡಿ ನೋಡ್ತೀವಲ್ಲ, ಅದಕ್ಕೆ ಇದೇ ಮುತ್ತಜ್ಜ.

ಇಷ್ಟೆಲ್ಲ ಆದಾಗ ಪೇಟೆಂಟ್ ಮಾತು ಬರದೇ ಇರುತ್ತಾ? ಉದ್ಯಮದವರು ಬಂದು ಕೇಳಿದರು. ರಾಂಟ್‌ಜೆನ್ ಒಪ್ಪಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದದ್ದು ಎಲ್ಲರಿಗೂ ಸೇರಿದ್ದು, ಒಬ್ಬರ ಲೈಸೆನ್ಸಿಗೆ ಕಟ್ಟಿಹಾಕಬಾರದು ಅನ್ನೋದು ಅವರ ನಿಲುವು. ಗಾಜಿನ ಕೊಳವೆ, ಕಾಯಿಲ್, ಪರದೆ ಇದ್ದವರು ಯಾರಾದ್ರೂ ಯಾರನ್ನೂ ಕೇಳದೆ ಮಾಡಬಹುದಿತ್ತು, ಮಾಡಿದರು. ಎಡರ್, ವಲೆಂಟಾ ಕಪ್ಪೆಯ ಚಿತ್ರ ತೆಗೆಯೋಕೆ ರಾಂಟ್‌ಜೆನ್‌ಗೆ ಒಂದು ಪೈಸೆ ಕಟ್ಟಬೇಕಿರಲಿಲ್ಲ. ಆಸ್ಪತ್ರೆ ಆದ್ರೆ ಹೇಗೋ ಹಣ ಹೊಂದಿಸ್ತಿತ್ತು. ಲೈಸೆನ್ಸ್ ಫೀಸ್ ಇದ್ದಿದ್ರೆ ಕಪ್ಪೆ, ಮೀನು, ಹಕ್ಕಿಗಳ ಸರದಿ ಅಷ್ಟು ಬೇಗ ಬರ್ತಿತ್ತಾ ಅನ್ನೋ ಅನುಮಾನ ನಮಗಿದೆ.

ಕಿರಣದ ಕೆಟ್ಟ ಮುಖವೂ ಬೇಗನೇ ಕಾಣ್ತು. ಕೈ ಸುಟ್ಟುಕೊಂಡವರು, ಬೆರಳು ಕಳೆದುಕೊಂಡವರು ತುಂಬಾ ಜನ. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಇದರಿಂದಲೇ ತೀರಿಕೊಂಡರು. ರಾಂಟ್‌ಜೆನ್ ಹೊರಬೆಳಕು ಬೀಳದಿರಲಿ ಅಂತ ಲೋಹದ ತಗಡಿನ ದೊಡ್ಡ ಪೆಟ್ಟಿಗೆಯೊಳಗೆ ನಿಂತು ಕೆಲಸ ಮಾಡ್ತಿದ್ದರು. ಆ ತಗಡು ಗೊತ್ತಿಲ್ಲದೆಯೇ ಅವರನ್ನ ಕಾಯ್ತು.

1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವರಿಗೆ ಬಂತು. ಸ್ಟಾಕ್‌ಹೋಮ್‌ಗೆ ಹೋಗಿ ತಗೊಂಡರು, ಆದ್ರೆ ನೊಬೆಲ್ ಉಪನ್ಯಾಸ ಕೊಡಲಿಲ್ಲ. ಬಹುಮಾನದ ಹಣ ವುರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಯ್ತು. ಹೆಸರಿನ ಮುಂದೆ ಫಾನ್ ಅಂತ ಹಾಕಿಕೊಳ್ಳೋ ಗೌರವವನ್ನೂ ಬೇಡ ಅಂದರು. ಎಕ್ಸ್ ಕಿರಣದ ಬಗ್ಗೆ ಅವರು ಬರೆದ ಪ್ರಬಂಧಗಳು ಮೂರೇ ಮೂರು, ಕೊನೆಯದು 1897ರಲ್ಲಿ. ಆಮೇಲೆ ತಮ್ಮ ಹಳೇ ವಿಷಯವಾದ ಹರಳುಗಳಿಗೆ ವಾಪಸ್. 1900ರಲ್ಲಿ ಮ್ಯೂನಿಕ್‌ಗೆ ಹೋಗಿ ಅಲ್ಲೇ ಉಳಿದರು.

ದೇವರ ಪಟ ಮಾಡಿ ಗೋಡೆಗೆ ಹಾಕೋಕೆ ಮಾತ್ರ ನಮಗೆ ಮನಸ್ಸಿಲ್ಲ. ಕ್ಯಾಥೋಡ್ ಕಿರಣಗಳಲ್ಲಿ ಅವರಿಗಿಂತ ಮೊದಲು ಪಳಗಿದ್ದ, ಕೊಳವೆಗಳ ವಿಷಯದಲ್ಲಿ ಅವರಿಗೆ ನೆರವಾಗಿದ್ದ ಫಿಲಿಪ್ ಲೆನಾರ್ಡ್ ತನಗೆ ಸಲ್ಲಬೇಕಾದ ಪಾಲು ಸಲ್ಲಲಿಲ್ಲ ಅಂತ ಜೀವನವಿಡೀ ಕುದ್ದರು. ಲೆನಾರ್ಡ್ ಮುಂದೆ ನಾಜಿ ಪಕ್ಷದ ದೊಡ್ಡ ಬೆಂಬಲಿಗರಾದರು, ಹಾಗಾಗಿ ಅವರ ದೂರನ್ನ ಇವತ್ತು ಯಾರೂ ಕನಿಕರದಿಂದ ಕೇಳಲ್ಲ. ಆದ್ರೂ ರಾಂಟ್‌ಜೆನ್ ಈ ಬಗ್ಗೆ ಬಾಯಿಬಿಟ್ಟು ಎರಡು ಮಾತು ಬರೆದಿದ್ದರೆ ಚೆನ್ನಾಗಿರ್ತಿತ್ತು. ಬರೆಯಲಿಲ್ಲ. ಮೇಲಾಗಿ ತಮ್ಮ ಕಾಗದಪತ್ರಗಳನ್ನ ಸುಟ್ಟುಬಿಡಿ ಅಂತ ಉಯಿಲಿನಲ್ಲಿ ಬರೆದಿಟ್ಟರು, ಹಾಗೇ ಆಯ್ತು. ಎಲ್ಲರ ಒಳಗನ್ನೂ ಕಾಣಿಸಿದವರು ತಮ್ಮೊಳಗನ್ನ ಬೂದಿ ಮಾಡಿಸಿಕೊಂಡರು. 1914ರಲ್ಲಿ ಜರ್ಮನಿಯ ಯುದ್ಧವನ್ನ ಸಮರ್ಥಿಸಿ 93 ವಿದ್ವಾಂಸರು ಹೊರಡಿಸಿದ ಹೇಳಿಕೆಗೂ ಅವರ ಸಹಿ ಇತ್ತು. ಆಮೇಲೆ ಅದಕ್ಕಾಗಿ ನೊಂದರು.

ಬಹುಕಾಲ ಕಾಯಿಲೆಯಲ್ಲಿದ್ದ ಬರ್ಥಾ 1919ರಲ್ಲಿ ಹೋದರು. ಯುದ್ಧದ ನಂತರದ ಹಣದುಬ್ಬರ ಅವರ ಉಳಿತಾಯವನ್ನ ನುಂಗ್ತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರ್‌ನಿಂದ ರಾಂಟ್‌ಜೆನ್ ತೀರಿಕೊಂಡರು. ಸಮಾಧಿ ಇರೋದು ಗೀಸೆನ್‌ನಲ್ಲಿ.

ಅವರ ಕಿರಣಕ್ಕೆ ಒಂದು ಕೊರತೆ ಇತ್ತು. ಎಕ್ಸ್-ರೇ ಚಿತ್ರ ಅಂದ್ರೆ ನೆರಳು, ಮತ್ತು ನೆರಳು ಎಲ್ಲವನ್ನೂ ಒಂದೇ ಹಾಳೆಗೆ ಚಪ್ಪಟೆ ಮಾಡುತ್ತೆ. ಕೈ ಬೆರಳಿಗೆ ಅದು ಸಾಕು. ಕೊಕ್ಕಿಗೆ ಸಾಲದು. ಕೊಕ್ಕಿನ ಎಡಗೋಡೆ, ಬಲಗೋಡೆ, ನಡುವಿನ ನೂರಾರು ಎಳೆ ಮೂಳೆಗಳು ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ಇದಕ್ಕೆ ಉತ್ತರದ ಗಣಿತ ರಾಂಟ್‌ಜೆನ್ ಬದುಕಿದ್ದಾಗಲೇ ಬಂದಿತ್ತು. 1917ರಲ್ಲಿ ಯೋಹಾನ್ ರಾಡನ್ ಎಂಬ ಗಣಿತಜ್ಞ, ಎಲ್ಲ ದಿಕ್ಕಿನಿಂದಲೂ ತೆಗೆದ ಮೊತ್ತಗಳಿಂದ ಒಳಗಿನ ಹಂಚಿಕೆಯನ್ನ ವಾಪಸ್ ಪಡೆಯಬಹುದು ಅಂತ ಸಾಧಿಸಿದ್ದರು. ಸಿಗ್ನಲ್ ಪ್ರೊಸೆಸಿಂಗ್ ತಗೊಂಡವರಿಗೆ ರಾಡನ್ ಟ್ರಾನ್ಸ್‌ಫಾರ್ಮ್ ಅಂದ್ರೆ ತಲೆನೋವು ನೆನಪಾಗಬಹುದು. ಆದ್ರೆ ಅದು ಗಣಿತದವರ ಕಪಾಟಿನಲ್ಲೇ ಉಳೀತು. 1960ರ ದಶಕದಲ್ಲಿ ಅಲನ್ ಕಾರ್ಮ್ಯಾಕ್ ಅದನ್ನ ನೋಡದೆಯೇ ಮತ್ತೆ ತಾವೇ ಲೆಕ್ಕ ಹಾಕಿದರು. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಯಂತ್ರ ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್‌ನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ಸ್ಕ್ಯಾನ್ ಆಯ್ತು. 1979ರಲ್ಲಿ ಇಬ್ಬರಿಗೂ ನೊಬೆಲ್. ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ -1000, ಮೂಳೆ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತೆ. ರಾಂಟ್‌ಜೆನ್ ಪುಸ್ತಕ, ಇಸ್ಪೀಟು, ಸೀಸ ಹಿಡಿದು ಮಾಡಿದ ಪಟ್ಟಿಯೇ ಇದು, ಅಂಕಿ ಹಾಕಿಕೊಂಡು ಬಂದಿದೆ ಅಷ್ಟೆ.

ಈಗ ಕೊಕ್ಕಿಗೆ ಬರೋಣ. ದಕ್ಷಿಣ ಅಮೆರಿಕದ ಟೂಕನ್ ಹಕ್ಕಿಯ ಕೊಕ್ಕು ನೋಡಿ 18ನೇ ಶತಮಾನದ ಫ್ರೆಂಚ್ ಪಂಡಿತ ಬುಫಾನ್ ಇದು ಪ್ರಕೃತಿಯ ಎಡವಟ್ಟು, ಹಕ್ಕಿಗೆ ಹೊರೆ ಅಂತ ತೀರ್ಪು ಕೊಟ್ಟಿದ್ದ. 1830ರ ದಶಕದಲ್ಲಿ ಜಾನ್ ಗೌಲ್ಡ್ ಟೂಕನ್‌ಗಳ ಬಗ್ಗೆ ದೊಡ್ಡ ಚಿತ್ರಪುಸ್ತಕ ತಂದಾಗ ಅದಕ್ಕೆ ಒಳರಚನೆಯ ವಿವರ ಬರೆದದ್ದು ರಿಚರ್ಡ್ ಓವನ್. ಆ ಕಾಲದಲ್ಲಿ ಒಳಗೆ ನೋಡೋಕೆ ಇದ್ದ ದಾರಿ ಒಂದೇ, ಸತ್ತ ಹಕ್ಕಿಯನ್ನ ಕೊಯ್ಯೋದು. ನೊರೆಯ ಹಾಗೆ ಎಳೆ ಎಳೆಯಾಗಿರೋದನ್ನ ಕೊಯ್ದರೆ ಕೊಯ್ದ ಜಾಗದಲ್ಲೇ ಮುರಿಯುತ್ತೆ. ಮ್ಯೂಸಿಯಂನಲ್ಲಿ ಅಪರೂಪದ ಹಕ್ಕಿಯ ಒಂದೇ ಒಂದು ತಲೆ ಇದ್ದರೆ ಅದನ್ನ ಗರಗಸಕ್ಕೆ ಕೊಡೋಕೆ ಯಾರಿಗೆ ಮನಸ್ಸು ಬರುತ್ತೆ?

2005ರಿಂದ ಈಚೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನಲ್ಲಿ ಮಾರ್ಕ್ ಮೇಯರ್ಸ್ ಅವರ ತಂಡ ಈ ಕೊಕ್ಕುಗಳನ್ನ ಹಿಡಿದು ಕೂತಿತು. ಇವರು ಪಕ್ಷಿಶಾಸ್ತ್ರಜ್ಞರಲ್ಲ, ಮೆಟೀರಿಯಲ್ ಸೈನ್ಸ್‌ನವರು! ಟೋಕೊ ಟೂಕನ್ನಿನ ಕೊಕ್ಕು ಹಕ್ಕಿಯ ಉದ್ದದ ಮೂರನೇ ಒಂದು ಭಾಗ, ತೂಕದಲ್ಲಿ ಮಾತ್ರ ಇಪ್ಪತ್ತನೇ ಒಂದು ಭಾಗ. ಒಟ್ಟು ಸಾಂದ್ರತೆ ನೀರಿನ ಹತ್ತನೇ ಒಂದರಷ್ಟು. ಹೊರಚಿಪ್ಪು ಕೆರಾಟಿನ್, ನಮ್ಮ ಉಗುರಿನದೇ ವಸ್ತು. ಒಂದು ಮೈಕ್ರಾನ್ ದಪ್ಪದ ಸಣ್ಣ ಸಣ್ಣ ಬಿಲ್ಲೆಗಳು, ಹೆಂಚಿನ ಮನೆಯ ಹೆಂಚುಗಳ ಹಾಗೆ ಒಂದರ ಮೇಲೊಂದು ಅಂಟಿಕೊಂಡಿವೆ. ಒಳಗೆ ಮೂಳೆಯ ನೊರೆ: ಸಣ್ಣ ಮೂಳೆ ಕಡ್ಡಿಗಳು ಮೂರು ನಾಲ್ಕು ಕೂಡಿ ಗಂಟು ಹಾಕಿ, ನಡುವಿನ ಕೋಣೆಗಳನ್ನ ತೆಳು ಪೊರೆ ಮುಚ್ಚಿದೆ. ಬುಡದಿಂದ ಹೆಚ್ಚುಕಡಿಮೆ ಅರ್ಧದವರೆಗೆ ನಟ್ಟನಡುವೆ ಪೂರ್ತಿ ಖಾಲಿ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸ್ಯಾಂಡ್‌ವಿಚ್ ಕಾಂಪೋಸಿಟ್. ತೆಳು ಚಿಪ್ಪು ಒಂಟಿಯಾಗಿದ್ರೆ ಬಾಗಿಸಿದಾಗ ಸ್ಟ್ರಾ ಮಡಚಿಕೊಳ್ಳೋ ಹಾಗೆ ಮಡಚಿಕೊಳ್ಳುತ್ತೆ. ಒಳಗಿನ ನೊರೆ ಅದನ್ನ ತಡೆಯುತ್ತೆ.

2010ರಲ್ಲಿ ಅದೇ ತಂಡ ಟೂಕನ್ ಪಕ್ಕಕ್ಕೆ ಮಂಗಟ್ಟೆಯನ್ನ ತಂದಿಟ್ಟು ಹೋಲಿಸಿತು. ಆರಿಸಿದ್ದು ನಮ್ಮ ಈಶಾನ್ಯ ರಾಜ್ಯಗಳಲ್ಲೂ ಇರೋ ರೀದ್ಡ್ ಹಾರ್ನ್‌ಬಿಲ್. ಇವೆರಡು ಹಕ್ಕಿಗಳು ಸಂಬಂಧಿಕರಲ್ಲ. ಟೂಕನ್ ಮರಕುಟಿಗ, ಕುಟ್ರುಹಕ್ಕಿಗಳ ಬಳಗದ್ದು, ಮಂಗಟ್ಟೆ ಚಂದ್ರಮುಕುಟದ ಬಳಗದ್ದು. ನಡುವೆ ಒಂದು ಮಹಾಸಾಗರ. ಆದ್ರೂ ಎರಡರಲ್ಲೂ ಅದೇ ಕೆರಾಟಿನ್ ಚಿಪ್ಪು, ಅದೇ ಮೂಳೆ ನೊರೆ, ಅದೇ ನಡುವಿನ ಖಾಲಿ ಜಾಗ. ಮುಖ್ಯ ವ್ಯತ್ಯಾಸ ಮಂಗಟ್ಟೆಯ ಟೊಪ್ಪಿ. ಅದರ ಒಳಗಿನ ರಚನೆ ನೋಡಿದ್ರೆ ಕೂಗಿಗೆ ನೆರವಾಗೋ ಕೆಲಸ ಇರಬಹುದು ಅಂತ ಅವರ ಊಹೆ. ನೊರೆಯ ಒಂದೊಂದು ಕಡ್ಡಿಯನ್ನೂ ಸಿ.ಟಿ.ಯಿಂದ ಮೂರು ಆಯಾಮದಲ್ಲಿ ಕಟ್ಟಿ, ನೇರ ಫೈನೈಟ್ ಎಲಿಮೆಂಟ್ ಮಾಡೆಲ್‌ಗೆ ಹಾಕಿ ಒತ್ತಡ ಕೊಟ್ಟು ನೋಡಿದರು. ನಾವು ಬ್ರಾಕೆಟ್ಟು, ಬೀಮು ಅಂತ ಮೆಶ್ ಹಾಕ್ತಾ ಕೂತಿರ್ತೀವಿ, ಅವರು ಮಂಗಟ್ಟೆ ಕೊಕ್ಕಿಗೆ ಮೆಶ್ ಹಾಕಿದರು. ಹೊಟ್ಟೆ ಉರಿಯುತ್ತೆ!

ಎಲ್ಲ ಮಂಗಟ್ಟೆಗಳ ಟೊಪ್ಪಿಯೂ ಹಗುರ ಅಲ್ಲ. ಸುಮಾತ್ರಾ, ಬೋರ್ನಿಯೊ, ಮಲಯ ಕಡೆಯ ಹೆಲ್ಮೆಟೆಡ್ ಹಾರ್ನ್‌ಬಿಲ್‌ನ ಟೊಪ್ಪಿ ಗಟ್ಟಿ ಕೆರಾಟಿನ್. ಅದರ ತಲೆಬುರುಡೆಯೇ ಮೈತೂಕದ ಸುಮಾರು ಹತ್ತನೇ ಒಂದು ಭಾಗ. ಹಾರ್ತಾ ಹಾರ್ತಾ ಒಂದಕ್ಕೊಂದು ಟೊಪ್ಪಿ ಗುದ್ದಿಕೊಳ್ತವೆ. ಆ ಗಟ್ಟಿತನವೇ ಅದರ ಜೀವಕ್ಕೆ ಮುಳುವಾಗಿದೆ. ಟೊಳ್ಳಿದ್ದರೆ ಕೆತ್ತನೆಗೆ ಬರ್ತಿರಲಿಲ್ಲ. ಗಟ್ಟಿಯಿರೋದಕ್ಕೆ ದಂತದ ಹಾಗೆ ಕೆತ್ತಿ ಮಾರೋಕೆ ಕಳ್ಳಬೇಟೆ ಆಡ್ತಾರೆ. 2015ರಲ್ಲಿ ಅದನ್ನ ಅಳಿವಿಗೆ ತೀರಾ ಹತ್ತಿರ ಇರೋ ಜೀವಿಗಳ ಪಟ್ಟಿಗೆ ಸೇರಿಸಲಾಯ್ತು. ಒಳಗಿನ ಸಾಂದ್ರತೆ ಹಕ್ಕಿಯ ಬದುಕು ಸಾವನ್ನ ನಿರ್ಧರಿಸೋದು ಅಂದ್ರೆ ಇದು.

ಇನ್ನು ಜ್ಯಾರಿ. ಸ್ಕ್ಯಾನ್‌ನಿಂದ ಕ್ಯಾನ್ಸರ್ ಎಲ್ಲಿವರೆಗೆ ಹೋಗಿದೆ ಅಂತ ತಿಳೀತು. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಇಂಜಿನಿಯರ್‌ಗಳು, ಪಶುವೈದ್ಯರು ಅದೇ ಚಿತ್ರಗಳ ಮೇಲೆ ಹೊಸ ಟೊಪ್ಪಿಯ ಡಿಸೈನ್ ಮಾಡಿ 3ಡಿ ಪ್ರಿಂಟ್ ತೆಗೆದರು. ಎಲ್ಲಿ ಕತ್ತರಿಸಬೇಕು ಅಂತ ತೋರಿಸೋ ಅಚ್ಚನ್ನೂ ಹಾಗೇ ಮಾಡಿದರು. ಸೆಪ್ಟೆಂಬರ್‌ನಲ್ಲಿ ಆಪರೇಷನ್ ಆಯ್ತು. ರೋಗ ಇದ್ದ ಭಾಗ ತೆಗೆದು, ಬಿಳೀ ಪ್ಲಾಸ್ಟಿಕ್ ಟೊಪ್ಪಿಯನ್ನ ಸ್ಕ್ರೂ ಹಾಕಿ ಕೂರಿಸಿದರು. ಮಾರನೇ ದಿನ ಹಕ್ಕಿ ಎಂದಿನ ಹಾಗೆ ತಿನ್ನೋಕೆ ಶುರು ಮಾಡ್ತು.

ಮಂಗಟ್ಟೆಗಳ ಬಾಲದ ಬುಡದಲ್ಲಿ ಹಳದಿ ಎಣ್ಣೆ ಒಸರೋ ಗ್ರಂಥಿ ಇರುತ್ತೆ. ಅದನ್ನ ಕೊಕ್ಕಿಗೆ, ಟೊಪ್ಪಿಗೆ ಉಜ್ಜಿಕೊಂಡೇ ಆ ಬಣ್ಣ ಬರೋದು. ಕೆಲವು ದಿನ ಕಳೆದ ಮೇಲೆ ಜ್ಯಾರಿ ತಲೆ ಹಿಂದಕ್ಕೆ ತಿರುಗಿಸಿ, ಪ್ರಿಂಟ್ ಮಾಡಿದ ಆ ಬಿಳೀ ಟೊಪ್ಪಿಗೂ ಹಳದಿ ಬಳಿದುಕೊಳ್ಳೋಕೆ ಶುರು ಮಾಡಿತ್ತು.